ಅರ್ಧ ಪಾಲಿನ ಟೇಪ್‌ರೆಕಾರ್ಡರ್

ಬೈಲಹೊಂಗಲ
೧೭ ನವೆಂಬರ್ ೨೦೨೪, ರವಿವಾರ

ಪ್ರಿಯ ಗೆಳೆಯ ವೆಂಕಣ್ಣನಿಗೆ ದುಂಡಪ್ಪನ ಶರಣು.

ನಿನ್ನ ಕಾರ್ಡು ಕೈಸೇರಿ ಇಪ್ಪತ್ತಾರು ದಿನಗಳಾದವು. ತಡವಾದುದಕ್ಕೆ ಚಚಡಿಯ ಮದುವೆ, ನನ್ನ ಮನೆಯಾಕೆ ನಿನ್ನ ವೈನಿಯ ಮೊಣಕಾಲು, ನನ್ನ ಒಡೆದ ಕನ್ನಡಕ ಎಂದು ಮೂರು ಕಾರಣಗಳನ್ನು ಕೊಡಬಲ್ಲೆ. ಆದರೆ ತರಗತಿಗೆ ತಡವಾಗಿ ಬಂದವರಿಂದ ನಾನೆಂದೂ ಕಾರಣ ಕೇಳಿದವನಲ್ಲ. ತಪ್ಪನ್ನು ಒಪ್ಪಿಕೊಂಡು ಕುಳಿತುಕೊಳ್ಳಿರಿ ಎಂದವನು. ಅದೇ ನಿಯಮ ನನಗೂ ಇರಲಿ. ತಪ್ಪಾಯಿತು.

ಫೋನಿನಲ್ಲಿ ಮಾತನಾಡಿಬಿಡೋಣವೆಂದರೆ ಹಿಂದಿನ ಸಲದ ಪ್ರಸಂಗ ನಿನಗೂ ನೆನಪಿರಬೇಕು. ನಾನು ನಿನ್ನ ಕಿವಿಯ ವಿಷಯ ಕೇಳಿದೆ, ನೀನು ಹೊಳೆಯ ನೀರಿನ ವಿಷಯ ಹೇಳಿದೆ. ನಾನು ದನಿ ಏರಿಸಿದೆ. ಪಕ್ಕದ ಮನೆಯ ಗಂಗಯ್ಯ ಕಟ್ಟೆಯವರೆಗೆ ಓಡಿಬಂದು, "ಮಾಸ್ತರ, ಯಾರ ಜೋಡಿ ಜಗಳಾ ನಡಿಸೀರಿ? ನಾ ಏನರ ಒಳಗ ಬರಬೇಕೇನ್ರಿ?" ಎಂದ. ನಮ್ಮಿಬ್ಬರಿಗೆ ಇನ್ನು ಅಂಚೆಯೇ ಗತಿಯೆಂದು ಅಂದೇ ನಿರ್ಧರಿಸಿದೆ. ಕಿವಿಗೆ ಯಂತ್ರ ಹಾಕಿಸಿಕೊಳ್ಳುವ ಮಾತು ಎಲ್ಲಿಗೆ ಬಂದಿತು? ನಿನ್ನ ಕಾರ್ಡಿನಲ್ಲಿ ರಾಮದುರ್ಗದ ಸಮಸ್ತ ವಾರ್ತೆಯೂ ಇದೆ, ಅದೊಂದಿಲ್ಲ.

ಈಗ ಮುಖ್ಯ ವಿಷಯ. ದೀಪಾವಳಿಗೆ ಮನೆ ಸಾರಿಸುವಾಗ ನನ್ನ ಹಳೆಯ ಟ್ರಂಕಿನ ತಳದಲ್ಲಿ ನಮ್ಮ ಯರಗಟ್ಟಿ ಶಾಲೆಯ ಕಾಲದ ಟೇಪಿನ ರೀಲುಗಳು ಸಿಕ್ಕವು. ಹನ್ನೆರಡರಲ್ಲಿ ಹನ್ನೊಂದು ಸುರುಳಿಗೆ ಸುರುಳಿ ಅಂಟಿ ಹಂಚಿನಂತೆ ಗಟ್ಟಿಯಾಗಿವೆ. ಒಂದು ಮಾತ್ರ ಬಿಚ್ಚಿಕೊಳ್ಳುತ್ತದೆ. ಅದರ ಡಬ್ಬಿಯ ಮೇಲೆ ನನ್ನದೇ ಅಕ್ಷರ: "ಸೌ. ಕಮಲಾಬಾಯಿ. ಶ್ರಾವಣ ಶುಕ್ರವಾರದ ಹಾಡುಗಳು. ೧೯೮೫." ನಿನ್ನ ಮನೆಯ ನಡುಕೋಣೆಯಲ್ಲಿ ನಿನ್ನ ಮಡದಿ ಹಾಡಿದ್ದು, ನೀನು ಯಂತ್ರ ನಡೆಸಿದ್ದು. ಮಾಸ್ತರರೆದುರಿಗೆ ನನಗೆ ಹಾಡಲಾಗದು ಎಂದು ಅವರು ನನ್ನನ್ನು ಹೊರಗೆ ಕಳಿಸಿದ್ದರು. ಕಟ್ಟೆಯ ಮೇಲೆ ಕುಳಿತು ಗೋಡೆಯಾಚೆಯಿಂದಲೇ ಕೇಳಿದ್ದೆ. ಅವರು ತೀರಿಕೊಂಡ ವರ್ಷ ನೀನು ಕೇಳಿದೆ: "ನಿನ್ನ ಕಡೆಯ ರೀಲುಗಳಲ್ಲಿ ಅವಳ ದನಿ ಏನಾದರೂ ಉಳಿದಿದೆಯೇ?" ಹುಡುಕುತ್ತೇನೆ ಎಂದಿದ್ದೆ. ಹನ್ನೆರಡು ವರ್ಷಗಳ ಮೇಲೆ ಉತ್ತರಿಸುತ್ತಿದ್ದೇನೆ. ಇದೆ ಎಂದು ನಂಬಿದ್ದೇನೆ.

ಆದರೆ ರೀಲನ್ನು ಹಿಡಿದರೆ ಬೆರಳಿಗೆ ಕಂದು ಪುಡಿ ಹತ್ತುತ್ತದೆ. ಬಜಾರದಲ್ಲಿ ರೇಡಿಯೊ ದುರಸ್ತಿ ಮಾಡುವ ಲಕ್ಕಪ್ಪನಿಗೆ ತೋರಿಸಿದೆ. ನನ್ನ ಕೈಯಲ್ಲಿ ಎಂಟನೆಯ ತರಗತಿ ಕಲಿತವನು ಅವನು. ಈಗ ಅವನ ಮೀಸೆಯೂ ಬೆಳ್ಳಗಾಗಿದೆ. ಮೂಗಿನ ಹತ್ತಿರ ಹಿಡಿದು ನೋಡಿ, "ಇದು ಬರೇ ಪುಡಿ ಅಲ್ರಿ ಸರ್, ದನಿನ ಉದುರಾಕ ಹತ್ತೈತಿ. ಲಗೂನ ಏನರ ಮಾಡ್ರಿ," ಎಂದ. ರೀಲು ಹಾಕುವ ಯಂತ್ರ ಅವನಲ್ಲಿಲ್ಲ, ಊರಿನಲ್ಲಿ ಯಾರಲ್ಲಿಯೂ ಇಲ್ಲ. ನಾವಿಬ್ಬರೂ ಕೂಡಿ ಕೊಂಡ ಯಂತ್ರವನ್ನಂತೂ ೨೦೧೯ರ ನೆರೆಯಲ್ಲಿ ನಿನ್ನ ಮನೆಯ ಉಳಿದ ಸಾಮಾನಿನೊಡನೆ ಹೊಳೆ ಒಯ್ದಿತು.

ಆಗ ನಿನ್ನ ವೈನಿ ಸೋಮವ್ವ ಮೊಬೈಲು ತೆರೆದಳು. ಅವಳು ಅದನ್ನು ನನಗಿಂತ ಮೊದಲೇ ಕಲಿತಿದ್ದಾಳೆ. ಆ ವಿಷಯದಲ್ಲಿ ನಾನು ಅವಳ ವಿದ್ಯಾರ್ಥಿ, ದಡ್ಡ ವಿದ್ಯಾರ್ಥಿ. ಹಳೆಯ ರೇಡಿಯೊ, ಟೇಪು, ಗ್ರಾಮಫೋನುಗಳನ್ನು ಹರಾಜಿಗಿಡುವ ಒಂದು ತಾಣವಿದೆಯಂತೆ. ಅದರಲ್ಲಿ ಹುಬ್ಬಳ್ಳಿಯ ಯಾರೋ ಒಬ್ಬರು ಸಾಕ್ಷಾತ್ ನಮ್ಮದರಂಥದೇ ಯಂತ್ರವನ್ನಿಟ್ಟಿದ್ದಾರೆ. ಅದೇ ಜರ್ಮನಿಯದು, ಅದೇ ಬೂದು ಬಣ್ಣ. ಬೆಲೆ ಹದಿನಾಲ್ಕು ಸಾವಿರದ ಐದುನೂರು! ಇದೆಂಥ ಲೆಕ್ಕವೆಂದು ನನಗೆ ತಿಳಿಯಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ದನಿ ಹೆಚ್ಚುಕಡಿಮೆ ಮಾಡುವ ಗುಂಡಿಯ ಜಾಗದಲ್ಲಿ ಯಾವನೋ ಅರೆಕಸುಬಿನವನು ಕುಕ್ಕರಿನ ಮುಚ್ಚಳದ ಕರಿ ಗುಂಡಿಯನ್ನು ತಂದು ಕೂಡ್ರಿಸಿದ್ದಾನೆ. ಅದೊಂದಕ್ಕೇ ನಾನು ಸಾವಿರ ರೂಪಾಯಿ ಕಡಿಯುತ್ತೇನೆ.

ಅಲ್ಲಿಯ ಪದ್ಧತಿ ಹೀಗೆ. ಎರಡು ವಾರದೊಳಗೆ ಯಾರೂ ಕೂಗದಿದ್ದರೆ ಹರಾಜು ಮುಚ್ಚುತ್ತದೆ, ಮಾರುವವನು ಬೆಲೆ ಇಳಿಸಿ ಮತ್ತೆ ಇಡುತ್ತಾನೆ. ಬೆಲೆ ಇಳಿದೊಡನೆ ಮೊಬೈಲಿನಲ್ಲಿ ಗಂಟೆ ಬಾರಿಸುವಂತೆ ನಿನ್ನ ವೈನಿ ಏರ್ಪಾಟು ಮಾಡಿದ್ದಾಳೆ. ನಾನು ಒಂದು ನೋಟುಬುಕ್ಕಿನಲ್ಲಿ ಗೆರೆ ಹೊಡೆದು ದಿನಾಂಕ, ಬೆಲೆ, ಉಳಿದ ದಿನಗಳು, ಕಣ್ಣಿಟ್ಟವರ ಸಂಖ್ಯೆ ಎಂದು ನಾಲ್ಕು ಮನೆ ಮಾಡಿದ್ದೇನೆ. ಸದ್ಯಕ್ಕೆ ಹನ್ನೊಂದು ಜನ ಅದರ ಮೇಲೆ ಕಣ್ಣಿಟ್ಟಿದ್ದಾರೆ.

ನನ್ನ ಮಿತಿ ಆರು ಸಾವಿರದ ಇನ್ನೂರ ನಲವತ್ತು. ಅದು ತುಟ್ಟಿಭತ್ಯೆಯ ಹಿಂಬಾಕಿಯಾಗಿ ಬಂದ ಹಣ. "ಈ ರೊಕ್ಕಾ ನಿಮ್ದು. ಇದರಾಗ ಟೇಪ್ ತರ್ರಿ, ಇಲ್ಲಾ ಟೋಪಿ ಹಾಕಿಸ್ಕೊಂಡ ಬರ್ರಿ. ಆದ್ರ ಮನಿ ರೊಕ್ಕಕ್ಕ ಕೈ ಹಚ್ಚೂದಿಲ್ಲಂತ ಮಾತ ಕೊಡ್ರಿ," ಎಂದಳು. ಕೊಟ್ಟೆ. ಆದ್ದರಿಂದ ಕಾಯುತ್ತೇನೆ. ಇಷ್ಟು ಬೆಲೆ ಇಟ್ಟವನು ಒಂದೋ ದುರಾಸೆಯವನು, ಇಲ್ಲವೇ ಅಡಚಣೆಯಲ್ಲಿರುವವನು. ದುರಾಸೆಯವನಾದರೆ ದಣಿಯುತ್ತಾನೆ, ಅಡಚಣೆಯವನಾದರೆ ಬಾಗುತ್ತಾನೆ. ಕಾಯುವವನಿಗೆ ಎರಡೂ ಒಂದೇ.

೧೯೮೪ರಲ್ಲಿ ನಮಗೆ ಈ ಬುದ್ಧಿ ಇರಲಿಲ್ಲ, ಅಲ್ಲವೇ? ನವಿಲುತೀರ್ಥದ ಅಣೆಕಟ್ಟಿನ ಕಾಲನಿಯಲ್ಲಿ ವರ್ಗವಾಗಿ ಹೊರಟ ಇಂಜಿನಿಯರರ ಮನೆ ಸಾಮಾನಿನ ಲಿಲಾವು. ಗುಂಪಿನ ಆ ತುದಿಯಲ್ಲಿ ನೀನು, ಈ ತುದಿಯಲ್ಲಿ ನಾನು, ಒಬ್ಬರಿಗೊಬ್ಬರು ಹೇಳದೆ ಬಂದವರು. ಟೇಪಿನ ಯಂತ್ರಕ್ಕೆ ನಾನು ಐದುನೂರು ಎಂದೆ, ಯಾವನೋ ಐದುನೂರೈವತ್ತು ಎಂದ, ಆರುನೂರೆಂದೆ, ಆರುನೂರೈವತ್ತೆಂದ. ಒಂಬೈನೂರಕ್ಕೆ ಮುಟ್ಟಿದಾಗ ಆ ಯಾವನೋ ಯಾರೆಂದು ನೋಡಲು ಕುತ್ತಿಗೆ ಚಾಚಿದರೆ ನೀನೂ ಕುತ್ತಿಗೆ ಚಾಚಿ ನಿಂತಿದ್ದೆ! ಆ ಹೊತ್ತಿಗೆ ಬೇರೆ ಎಲ್ಲರೂ ಕೈಬಿಟ್ಟಿದ್ದರು. ಅರ್ಧ ಅರ್ಧ ಹಾಕಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು.

ನಿನ್ನ ಮಗಳು ಮೃಣಾಲಿನಿಯ ಝೆರಾಕ್ಸ್ ಅಂಗಡಿ ಚೆನ್ನಾಗಿ ನಡೆದಿದೆಯೆಂದು ತಿಳಿದು ಸಂತೋಷವಾಯಿತು. ಆ ಮಗಳಿಗೆ ನಮ್ಮಿಬ್ಬರ ಆಶೀರ್ವಾದಗಳು. ಯಂತ್ರ ಬಂದ ದಿನ ರೀಲು ಹಿಡಿದುಕೊಂಡು ನೇರವಾಗಿ ನಿನ್ನ ಮನೆಗೇ ಬರುತ್ತೇನೆ.

ಇಂತಿ ನಿನ್ನ
ದುಂಡಪ್ಪ


ಬೈಲಹೊಂಗಲ
೯ ಜನವರಿ ೨೦೨೫, ಗುರುವಾರ

ಪ್ರಿಯ ವೆಂಕಣ್ಣನಿಗೆ ಶರಣು.

ಈ ಸಲ ತಡಮಾಡಿಲ್ಲ. ಸಂಕ್ರಮಣಕ್ಕೆ ಮೊದಲೇ ಬರೆಯುತ್ತಿದ್ದೇನೆ. ನಿನ್ನ ವೈನಿ ಕಟ್ಟಿಕೊಟ್ಟ ಕುಸುರೆಳ್ಳಿನ ಪೊಟ್ಟಣ ಇದರೊಡನೆ ಇದೆ. ಅಂಚೆಯವರು ಅದರ ಮೇಲೆ ಮುದ್ರೆ ಕುಟ್ಟದಿದ್ದರೆ ಕಾಳುಗಳಾಗಿಯೇ ತಲುಪೀತು.

ನಿನ್ನ ಎರಡು ಕಾರ್ಡುಗಳೂ ಬಂದವು. ಎರಡರಲ್ಲಿಯೂ ಒಂದೇ ಮಾತು: "ಅವಸರ ಬೇಡ. ಇನ್ನೂ ಇಳಿಯುತ್ತದೆ. ವೈನಿಗೆ ಕೊಟ್ಟ ಮಾತು ಮೀರಬೇಡ." ವಿಜ್ಞಾನದ ಮಾಸ್ತರನಿಗೆ ವ್ಯಾಪಾರದ ಈ ಹದ ಯಾವಾಗ ತಿಳಿಯಿತೋ! ನೀನು ಹೇಳಿದಂತೆಯೇ ಆಗುತ್ತಿದೆ. ಹದಿನಾಲ್ಕೂವರೆ ಇದ್ದುದು ಹನ್ನೆರಡು ಸಾವಿರದ ಒಂಬೈನೂರಾಯಿತು, ಹತ್ತೂವರೆಯಾಯಿತು, ಮೊನ್ನೆ ಬೆಳಿಗ್ಗೆ ನಾಷ್ಟಾಕ್ಕೆ ಕುಳಿತಾಗ ಗಂಟೆ ಹೊಡೆದು ಒಂಬತ್ತಕ್ಕೆ ಬಂದಿತು. ಕಣ್ಣಿಟ್ಟವರು ಹನ್ನೊಂದರಿಂದ ನಾಲ್ಕಕ್ಕೆ ಇಳಿದಿದ್ದಾರೆ. ಪುಣೆಯವನೊಬ್ಬ "ನಡೆಯುತ್ತದೆಯೇ?" ಎಂದು ಕೇಳಿದ್ದಾನೆ. ಮಾರುವವನ ಉತ್ತರ: "ನಡೆಯುತ್ತದೆ. ಬೆಲ್ಟು ಬದಲಿಸಬೇಕು. ಎಲ್ಲ ಗುಂಡಿಗಳೂ ಮೂಲದವಲ್ಲ." ಪ್ರಾಮಾಣಿಕ ಮನುಷ್ಯನೆಂದು ಕಾಣುತ್ತದೆ. ಪ್ರಾಮಾಣಿಕರು ಬೇಗ ಬಾಗುತ್ತಾರೆ.

ಆದರೆ ಮನಸ್ಸಿಗೆ ಸಮಾಧಾನವಿಲ್ಲ, ವೆಂಕಣ್ಣ. ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡುತ್ತೇನೆ. ತೆರೆದಾಗಲೆಲ್ಲ ತಳದಲ್ಲಿ ಪುಡಿ ಹೆಚ್ಚಿರುವಂತೆ ಕಾಣುತ್ತದೆ. ಈಗ ತೆರೆಯುವುದನ್ನೂ ಬಿಟ್ಟಿದ್ದೇನೆ. ನಿನ್ನ ವೈನಿ ನಿನ್ನೆ ರೊಟ್ಟಿ ಬಡಿಯುತ್ತ ಅಂದಳು: "ಒಂದ ಕಡೆ ದನಿ ಉದುರಾಕ ಹತ್ತೈತಿ ಅಂತೀರಿ, ಇನ್ನೊಂದ ಕಡೆ ಬೆಲಿ ಉದುರಲಿ ಅಂತ ಕುಂತೀರಿ. ಯಾವ್ದ ಮೊದಲ ಉದುರತೈತಿ ನೋಡೂಣ." ಅವಳು ಕೈ ತೊಳೆದು ಬಂದು, ಅಕ್ಕಿಯ ಡಬ್ಬಿಯಿಂದ ಸುರುಳಿ ಸುತ್ತಿದ ನೋಟುಗಳನ್ನು ತೆಗೆದು ನನ್ನ ಮುಂದಿಟ್ಟಳು. "ಮೂರು ಸಾವಿರ ಐತಿ. ಇದು ಮನಿ ರೊಕ್ಕಲ್ಲ, ನಂದು. ಒಂಬತ್ತಕ್ಕ ತಂದ ಬಿಡ್ರಿ. ಪಾಪ, ವೆಂಕಣ್ಣಾರು ಒಮ್ಮೆ ಕೇಳಲಿ."

ಬೇಡವೆಂದೆ. ಮಿತಿಯೆಂದು ಒಮ್ಮೆ ಗೆರೆ ಎಳೆದ ಮೇಲೆ ಅದು ಮಿತಿ. ಮೂವತ್ತೈದು ಅಂಕಕ್ಕೆ ಉತ್ತೀರ್ಣವೆಂದರೆ ಮೂವತ್ತನಾಲ್ಕು ಪಡೆದವನ ತಾಯಿ ಬಂದು ಅತ್ತರೂ ನಾನು ಕೊಟ್ಟವನಲ್ಲ. ನಿನ್ನ ವೈನಿ ನೋಟುಗಳನ್ನು ತಿರುಗಿ ಸುತ್ತುತ್ತ, "ಸಾಲಿ ಬಿಟ್ಟ ಏಳ ವರ್ಷಾತು, ಸಾಲಿ ನಿಮ್ಮನ್ನ ಬಿಟ್ಟಿಲ್ಲ," ಎಂದು ಒಳಗೆ ಹೋದಳು.

ಕಿವಿಯ ಯಂತ್ರ ಏನಾಯಿತು? ಈ ಪ್ರಶ್ನೆಗೆ ಉತ್ತರ ಬಾರದೆ ನಿನ್ನ ಮುಂದಿನ ಕಾರ್ಡನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಇಂತಿ
ದುಂಡಪ್ಪ


ಬೈಲಹೊಂಗಲ
೧೬ ಫೆಬ್ರುವರಿ ೨೦೨೫, ರವಿವಾರ

ಪ್ರಿಯ ವೆಂಕಣ್ಣ,

ನಾಲ್ಕೇ ಸಾಲು. ಗೆದ್ದೆ! ಇಂದು ಬೆಳಿಗ್ಗೆ ಗಂಟೆ ಹೊಡೆಯಿತು. ಏಳೂವರೆ ಸಾವಿರವಿದ್ದುದು ಒಮ್ಮೆಲೇ ಆರು ಸಾವಿರದ ಇನ್ನೂರ ನಲವತ್ತಕ್ಕೆ ಇಳಿದಿದೆ. ಸಾಗಣೆ ವೆಚ್ಚವೂ ಅವರದೇ. ಯಾವ ವ್ಯಾಪಾರಿಯೂ ಇಂಥ ಒಡಕು ಅಂಕಿಯನ್ನು ಇಡುವುದಿಲ್ಲ. "ಯಾರೋ ನಿಮ್ಮ ಕಿಸೇದಾಗ ಕೈ ಹಾಕಿ ಎಣಿಸಿ ನೋಡ್ಯಾರ," ಎಂದು ನಿನ್ನ ವೈನಿ ಸಂಶಯಪಟ್ಟಳು. ತಾಳ್ಮೆಗೆ ಸಂದ ಫಲವೆಂದು ನಾನು ಹೇಳಿದೆ. ಮೊದಲು ಕೂಗಿದವನೂ ನಾನೇ, ಕೊನೆಗೆ ಕೂಗಿದವನೂ ನಾನೇ; ಕೂಗಿದೊಡನೆ ಮಾರುವವನು ಹರಾಜು ಮುಚ್ಚಿ ನನಗೇ ಕೊಟ್ಟ.

ಬೆಲ್ಟು ಹಾಕಿಸಿ, ಪರೀಕ್ಷಿಸಿ, ಯುಗಾದಿಯೊಳಗೆ ನಿನ್ನ ಮನೆಯಲ್ಲಿರುತ್ತೇನೆ.

ದುಂಡಪ್ಪ


ಬೈಲಹೊಂಗಲ
೯ ಮಾರ್ಚ್ ೨೦೨೫, ರವಿವಾರ

ವೆಂಕಣ್ಣಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮುಯ್ಯಿಗೆ ಮುಯ್ಯಿ ಎಂದು ನೀನು ಇದನ್ನು ಇಪ್ಪತ್ತಾರು ದಿನ ಒಡೆಯದೆ ಇಟ್ಟರೂ ನನಗೆ ಆಕ್ಷೇಪಣೆಯಿಲ್ಲ. ಆದರೆ ಒಡೆದರೆ ಕೊನೆಯವರೆಗೆ ಓದು.

ಪಾರ್ಸೆಲ್ಲು ಹುಬ್ಬಳ್ಳಿಯಿಂದ ಹತ್ತು ದಿನಗಳ ಹಿಂದೆ ಬಂದಿತು. ಹಳೆಯ ಧೋತರದಲ್ಲಿ ಎರಡು ಸುತ್ತು ಸುತ್ತಿ, ಮೂಲೆಮೂಲೆಗೆ ಅರಳೆ ತುಂಬಿದ್ದರು. ಮಾರುವ ಸಾಮಾನನ್ನು ಇಷ್ಟು ಜೋಪಾನವಾಗಿ ಯಾರೂ ಕಟ್ಟುವುದಿಲ್ಲವೆಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕುಕ್ಕರಿನ ಗುಂಡಿಯನ್ನು ನೋಡಿ ಮತ್ತೊಮ್ಮೆ ನಕ್ಕೆ. ರಿಕ್ಷಾದಲ್ಲಿಟ್ಟುಕೊಂಡು ಲಕ್ಕಪ್ಪನ ಅಂಗಡಿಗೆ ಒಯ್ದೆ.

ಲಕ್ಕಪ್ಪ ಹಿಂದಿನ ಮುಚ್ಚಳದ ತಿರುಪು ಬಿಚ್ಚಿ, ಒಳಗೆ ಟಾರ್ಚು ಹಿಡಿದು, ತಡೆದು ನಿಂತ. "ಸರ್, ಈ ಅಕ್ಷರ ನಾ ಎಲ್ಲೋ ನೋಡೇನಲ್ರಿ," ಎಂದ. ಮತ್ತೆ ಬಾಗಿ ನೋಡಿ, "ಎಲ್ಲೋ ಏನು, ನಮ್ಮ ಬೋರ್ಡ್ ಮ್ಯಾಲ ದಿನಾ ನೋಡೇನ್ರಿ. ಇವು ನಿಮ್ಮ ಅಕ್ಷರ ಅಲ್ಲೇನ್ರಿ?" ಎಂದು ಮುಚ್ಚಳವನ್ನು ನನ್ನ ಕಡೆಗೆ ತಿರುಗಿಸಿದ.

ಬಿಳಿ ಬಣ್ಣದಲ್ಲಿ, ಶಾಲೆಯ ಕುರ್ಚಿ ಮೇಜುಗಳ ಮೇಲೆ ನಂಬರು ಬರೆಯುವ ಕಡ್ಡಿಯಿಂದ ಬರೆದದ್ದು: "ದುಂಡಪ್ಪ, ವೆಂಕಣ್ಣ. ಅರ್ಧ ಅರ್ಧ. ನವಿಲುತೀರ್ಥ, ೧೯೮೪."

ಲಕ್ಕಪ್ಪ ಚಹಾ ತರಿಸಿದ. ಕುಡಿದೆನೋ ಇಲ್ಲವೋ ನೆನಪಿಲ್ಲ. ಅಲ್ಲಿಂದಲೇ ಮೃಣಾಲಿನಿಗೆ ಫೋನು ಮಾಡಿದೆ. ಅವಳ ಮೇಲೆ ಸಿಟ್ಟು ಮಾಡಬೇಡ. ನಾನು ಮಾಸ್ತರನ ದನಿಯಲ್ಲಿ ಕೇಳಿದೆ, ಅವಳು ಹೇಳಬೇಕಾಯಿತು.

"ಅದು ಹೊಳಿಗೆ ಹೋಗಿರಲಿಲ್ಲ ಕಾಕಾ, ಅಟ್ಟದ ಮ್ಯಾಲೆ ಇತ್ತು. ನೀವು ಹೋಗ್ಯದ ಅಂತ ತಿಳಕೊಂಡ್ರಿ, ಒಮ್ಮೆನೂ ಕೇಳಲಿಲ್ಲ. ಕಿವಿ ಮಷೀನಿಗೆ ಹದಿನಾಲ್ಕೂವರೆ ಸಾವಿರ ಅಂದ್ರು. ನನ್ನ ಅಂಗಡಿ ರೊಕ್ಕಾ ಮುಟ್ಟಲಿಕ್ಕೆ ಅಪ್ಪ ಒಪ್ಪಲಿಲ್ಲ. ಅದಕ್ಕs ನಮ್ಮತ್ತಿ ಮಗ ಅನಿಕೇತ ಹುಬ್ಬಳ್ಳಿಯಿಂದ ಅಷ್ಟಕ್ಕs ಹರಾಜಿಗೆ ಇಟ್ಟ. ಎಂಟು ದಿನಕ್ಕ ನಿಮ್ಮ ಪತ್ರ ಬಂತು."

ಪತ್ರ ಓದಿ ಅಪ್ಪ ಏನೆಂದ ಎಂದು ಕೇಳಿದೆ.

"ಕುಕ್ಕರಿನ ಗುಂಡಿ ಬಗ್ಗೆ ಬರದದ್ದು ಓದಿ ಭಾಳ ನಕ್ಕರು. ಆಮ್ಯಾಲೆ, 'ಇದನ್ನ ನಾ ಇಟ್ಟೇನಿ ಅಂತ ತಿಳದ್ರ ದುಂಡಪ್ಪ ಪೂರಾ ರೊಕ್ಕಾ ಕೊಟ್ಟ ಬಿಡತಾನ, ವೈನಿಗೆ ಕೊಟ್ಟ ಮಾತು ಮುರದು. ಬ್ಯಾಡ. ಒಮ್ಮೆಲೇ ಇಳಿಸಿದ್ರೂ ಅವಗ ಸಂಶಯ ಬರ್ತದ. ಸಾವಕಾಶ ಇಳಸ್ರಿ' ಅಂದ್ರು. ನಡುವೆ ಪುಣೆಯವರು ಒಂಬತ್ತು ಸಾವಿರಕ್ಕ ತಗೋತೀವಿ ಅಂತ ಬೆನ್ನು ಹತ್ತಿದ್ರು ಕಾಕಾ. 'ಅದು ಆಗಲೇ ಒಬ್ಬರಿಗೆ ಹೋಗ್ಯದ ಅಂತ ಹೇಳು' ಅಂದ್ರು. ಕಡೀ ಅಂಕಿನೂ ಅವರs ಹೇಳಿದ್ದು. 'ದುಂಡ್ಯಾಗ ಗೆದ್ದಂಗ ಅನಸಬೇಕು, ಅಷ್ಟs' ಅಂದ್ರು."

ಇಷ್ಟು ಹೇಳಿ ಅವಳೇ ಅತ್ತಳು. ನಾನು ಫೋನಿಟ್ಟೆ.

ವೆಂಕಣ್ಣ, ಅಡಚಣೆಯವನಾದರೆ ಬಾಗುತ್ತಾನೆ ಎಂದು ನಾನು ಬರೆದೆ. ಅದನ್ನು ಓದಿದವನು ನೀನು. ಬರೆದವನಿಗೆ ನೀನು ಉತ್ತರಿಸಿದ್ದು ಅವಸರ ಬೇಡ, ಇನ್ನೂ ಇಳಿಯುತ್ತದೆ ಎಂದು. ಆ ನೋಟುಬುಕ್ಕು ಈಗ ನನ್ನ ಮುಂದಿದೆ. ಅದರ ಎರಡನೆಯ ಮನೆಯಲ್ಲಿ ನಾನು ಹಿಗ್ಗುತ್ತ ಬರೆದ ಪ್ರತಿಯೊಂದು ಅಂಕಿಯೂ ನಿನ್ನ ಕಿವಿಯಿಂದ ಕಡಿದ ಪಾಲು. ಅಂದು ನವಿಲುತೀರ್ಥದಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಇಬ್ಬರೂ ಏರಿಸಿದೆವು. ಇಂದು ನನಗೆ ತಿಳಿದಿರಲಿಲ್ಲ, ನಿನಗೆ ತಿಳಿದಿತ್ತು.

ಕುಕ್ಕರಿನ ಗುಂಡಿ ನೀನೇ ಹಾಕಿದ್ದೆಂದು ಈಗ ಗೊತ್ತು. ಮೂಲದ ಗುಂಡಿ ಒಡೆದಾಗ ಬೇರೆ ಸಿಕ್ಕಿರಲಿಕ್ಕಿಲ್ಲ. ಬಿಗಿಯಾಗಿ ಕುಳಿತಿದೆ, ಹಗುರವಾಗಿ ತಿರುಗುತ್ತದೆ. ಅರೆಕಸುಬಿನವನೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಒಂದು ಕ್ಷಣ ನನ್ನ ತಲೆ ಹಳೆಯ ಚಾಳಿಯಂತೆ ವಾದವನ್ನೂ ಹೂಡಿತು. ಯಂತ್ರದ ಅರ್ಧ ನನ್ನದೇ, ಹಾಗಿದ್ದಮೇಲೆ ನಾನು ಕೊಟ್ಟದ್ದು ನಿನ್ನ ಅರ್ಧಕ್ಕೆ ಮಾತ್ರ, ಅದು ತೀರ ಕಡಿಮೆಯೇನಲ್ಲ ಎಂದು. ನಿನ್ನ ವೈನಿಯ ಮುಂದೆ ಇದನ್ನು ಬಾಯಿಬಿಟ್ಟು ಅಂದೂಬಿಟ್ಟೆ. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಯರಗಟ್ಟಿಯಲ್ಲಿ ನನ್ನ ಹುದ್ದೆಗೆ ಸರಕಾರದ ಅನುದಾನ ಬಂದಿತು, ನಿನ್ನದಕ್ಕೆ ಬರಲಿಲ್ಲ. ಆದ್ದರಿಂದ ನನಗೆ ಪಿಂಚಣಿಯೂ ತುಟ್ಟಿಭತ್ಯೆಯೂ ಇವೆ. ರಾಮದುರ್ಗದ ಆ ಶಾಲೆಯಲ್ಲಿ ಇಪ್ಪತ್ತೈದು ವರ್ಷ ದುಡಿದ ನಿನಗೆ ಬೀಳ್ಕೊಡುಗೆಯ ಶಾಲು ಮಾತ್ರ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಎಷ್ಟೋ ವರ್ಷ ಇದೆಯೆಂದೇ ನಾನು ನಡೆದುಕೊಂಡೆ.

ನಿನ್ನ ವೈನಿ ಅಕ್ಕಿಯ ಡಬ್ಬಿಯನ್ನು ಮತ್ತೆ ತೆರೆದಿದ್ದಾಳೆ. "ಈಗ ಮನಿ ರೊಕ್ಕಕ್ಕೂ ಕೈ ಹಚ್ಚ್ರಿ. ನಾ ಹಿಡದದ್ದು ಟೇಪಿಗೆ, ಕಿವಿಗಲ್ಲ," ಎಂದಳು. ನೀನು ಬೇಡವೆನ್ನುವೆ ಎಂದು ಗೊತ್ತು. ಆದರೆ ಇದು ದಾನವಲ್ಲ. ಉತ್ತರಪತ್ರಿಕೆಗೆ ತಪ್ಪಾಗಿ ಅಂಕ ಬಿದ್ದಿದ್ದರೆ ಮರುಮೌಲ್ಯಮಾಪನವಿದೆ, ಅದು ನೀನೂ ನಾನೂ ಪಾಲಿಸಿಕೊಂಡು ಬಂದ ನಿಯಮ. ಇಲ್ಲಿ ಮೌಲ್ಯ ತಪ್ಪಾಗಿ ಹಾಕಿದವನು ನಾನು. ತಿದ್ದಲು ಅವಕಾಶ ಕೊಡು. ಯಂತ್ರವನ್ನೂ ಹಿಂದಕ್ಕೆ ತರುತ್ತೇನೆ. ಅದು ನಿನ್ನ ಅಟ್ಟದ ಮೇಲೆಯೇ ಇರಲಿ, ಅರ್ಧ ಅರ್ಧ.

ಆದರೆ ಹೇಳದೆ ಕೇಳದೆ ಬರುವ ಧೈರ್ಯ ನನಗಿಲ್ಲ. ಈ ಪತ್ರವನ್ನು ತಾ.ಕ. ಸಹಿತ ಪೂರ್ತಿ ಓದಿ, ಆಮೇಲೂ ಬಾ ಎನ್ನುವುದಾದರೆ ಒಂದು ಕಾರ್ಡು ಹಾಕು. "ಬಾ" ಎಂದಷ್ಟೇ ಬರೆದರೂ ಸಾಕು.

ಮೃಣಾಲಿನಿಗೆ ತುಂಬುಹೃದಯದ ಆಶೀರ್ವಾದಗಳು. ಅಪ್ಪನ ಮಾತು ಕೇಳಿದ ಮಗಳು ಅವಳು. ಅವಳ ಬಾಳು ತಂಪಾಗಿರಲಿ. ನಿನಗೆ ಆಶೀರ್ವದಿಸುವಷ್ಟು ನಾನು ಹಿರಿಯನಲ್ಲವೆಂದು ಈ ತಿಂಗಳು ಚೆನ್ನಾಗಿ ತಿಳಿಯಿತು. ಕೈಮುಗಿಯುತ್ತೇನೆ.

ಇಂತಿ ನಿನ್ನ
ದುಂಡಪ್ಪ

ತಾ.ಕ.: ರೀಲಿನ ವಿಷಯ ಮೇಲೆಲ್ಲಿಯೂ ಬರೆದಿಲ್ಲ. ಬರೆಯಲು ಕೈ ಬರಲಿಲ್ಲ.

ಮೊನ್ನೆ ಶುಕ್ರವಾರ ಲಕ್ಕಪ್ಪ ಬೆಲ್ಟು ಹಾಕಿ ಯಂತ್ರ ನಡೆಸಿದ. ನಿನ್ನ ವೈನಿಯೂ ಬಂದಿದ್ದಳು; ಕಮಲಾಬಾಯಿಯವರ ಹಾಡು ಕೇಳಲೆಂದು ಮೊಣಕಾಲು ನೋವಿನಲ್ಲಿಯೇ ಬಜಾರದವರೆಗೆ ನಡೆದಳು. ರೀಲು ತಿರುಗಿತು. ಬಂದದ್ದು ನನ್ನ ದನಿ. "ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುವೃಂದವೇ, ಇಂದಿನ ನನ್ನ ಭಾಷಣದ ವಿಷಯ: ಆದರ್ಶ ಶಿಕ್ಷಕ." ನಲವತ್ತೊಂದು ನಿಮಿಷ. ನಡುವೆ ಎರಡು ಕಡೆ ತಪ್ಪಿ, ಮತ್ತೆ ಸ್ಪಷ್ಟವಾಗಿ ತಿದ್ದಿ ಹೇಳಿದ್ದೇನೆ. ಲಕ್ಕಪ್ಪ ಕೈಕಟ್ಟಿ ನಿಂತು, "ದನಿ ಏನ ಖಡಕ್ ಇತ್ತ್ರಿ ಸರ್ ಆಗ!" ಎಂದ. ನಿನ್ನ ವೈನಿ, "ಕಮಲಾಬಾಯಾರು ಎಲ್ಲ್ರಿ?" ಎಂದು ಕೇಳಿದಳು.

೧೯೮೭ರಲ್ಲಿ ಶಿಕ್ಷಕರ ಭಾಷಣ ಸ್ಪರ್ಧೆಗೆ ನನ್ನ ಉಚ್ಚಾರವನ್ನು ನಾನೇ ಕೇಳಿ ತಿದ್ದಿಕೊಳ್ಳಬೇಕಾಗಿತ್ತು. ಹೊಸ ರೀಲು ತರಲು ಧಾರವಾಡಕ್ಕೆ ಹೋಗಬೇಕು. ಎರಡೇ ದಿನ ಉಳಿದಿದ್ದವು. ಕೈಗೆ ಸಿಕ್ಕ ರೀಲು ಹಾಕಿದೆ. ಯಾವುದು ಸಿಕ್ಕಿತೆಂದು ನೋಡಲಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅಥವಾ ನೋಡಿದೆನೇನೋ, ಹಾಡನ್ನು ಮತ್ತೊಮ್ಮೆ ಹಾಡಿಸಬಹುದು, ಸ್ಪರ್ಧೆ ಮತ್ತೆ ಬಾರದು ಎಂದುಕೊಂಡೆನೇನೋ. ಬಹುಮಾನವಾಗಿ ಬಂದ ಸ್ಟೀಲಿನ ತಾಟಿನಲ್ಲಿ ಮೊನ್ನೆಯವರೆಗೂ ಉಣ್ಣುತ್ತಿದ್ದೆ. ಅವರು ತೀರಿಕೊಂಡಾಗ ನೀನು ಕೇಳಿದೆಯಲ್ಲ, ಅಂದಿನಿಂದ ಈ ಸಂಶಯ ನನ್ನೊಳಗಿದೆ. ಹನ್ನೆರಡು ವರ್ಷ ಸುಮ್ಮನಿದ್ದುದು ಅದಕ್ಕಾಗಿಯೇ. ಯಂತ್ರಕ್ಕಾಗಿ ಅಷ್ಟು ಹಂಬಲಿಸಿದ್ದೂ ನಿನಗೆ ಹಾಡು ಕೇಳಿಸಲೆಂದಲ್ಲ. ನಾನು ತಪ್ಪು ಮಾಡಿಲ್ಲವೆಂದು ಒಮ್ಮೆ ನೋಡಿಕೊಳ್ಳಲೆಂದು. ಮೊದಲ ಪತ್ರದಲ್ಲಿ ಇದೆ ಎಂದು ನಂಬಿದ್ದೇನೆ ಎಂದು ಬರೆದೆ. ಆ ಮಾತನ್ನು ಸುಳ್ಳಾಗದಂತೆ ಅಳೆದು ತೂಗಿ ಬರೆದಿದ್ದೆ.

ನನ್ನ ಭಾಷಣ ಮುಗಿದ ಮೇಲೂ ಟೇಪು ಸ್ವಲ್ಪ ಉಳಿದಿತ್ತು. ಲಕ್ಕಪ್ಪ ನಿಲ್ಲಿಸಲು ಕೈ ಚಾಚಿದಾಗ, ನಾನು ಅಳಿಸದೆ ಬಿಟ್ಟ ಆ ತುದಿಯಲ್ಲಿ ಹನ್ನೊಂದು ಸೆಕೆಂಡು ಕಮಲಾಬಾಯಿಯವರ ದನಿ ಬಂದಿತು. ಹಾಡಲ್ಲ. ಹಾಡು ಮುಗಿದ ಮೇಲಿನ ಮಾತು:

"ಆತೇನ್ರೀ? ಬಂದ್ ಮಾಡ್ರಿ ಅದನ್ನ. ಚಹಾ ಆರಲಿಕ್ಕೆ ಹತ್ತ್ಯದ. ದುಂಡಪ್ಪ ಮಾಸ್ತರು ಪಾಪ ಹೊರಗs ಕೂತಾರ, ಅವರನ್ನೂ ಒಳಗ ಕರೀರಿ."

ಎರಡು ಸಲ ಮಾತ್ರ ಕೇಳಿದೆವು. ಎರಡನೆಯ ಸಲ ನಿನ್ನ ವೈನಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಾಳೆ. ಅದರಲ್ಲಿ ಲಕ್ಕಪ್ಪನ ಫ್ಯಾನಿನ ಸದ್ದೂ ಸೇರಿದೆ. ಪ್ರತಿ ಸಲ ತಿರುಗಿದಾಗಲೂ ಪುಡಿ ಉದುರುತ್ತದೆ, ಆದ್ದರಿಂದ ಮೂರನೆಯ ಸಲ ಅದು ತಿರುಗುವುದು ನಿನ್ನ ಮನೆಯಲ್ಲಿ, ನಿನ್ನ ಕಿವಿಗೆ ಯಂತ್ರ ಬಂದ ಮೇಲೆ. ಆ ಹೊತ್ತು ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿನಗೆ ಬಿಟ್ಟದ್ದು.